ತುಪ್ಪ ಬೇಡ ಅಂದವಳ ಪ್ರವಾಸ

ಹಾಲು ಬಿಟ್ಟಿದ್ದೇನೆ ಎಂದು ಹೇಳಿದಾಗಲೆಲ್ಲ ಜನ ಮೊದಲು ಕೇಳುತ್ತಿದ್ದದ್ದು, "ಡಾಕ್ಟ್ರು ಹೇಳಿದ್ರಾ?" ಅಲ್ಲ ಅಂದರೆ, "ಏನಾದ್ರೂ ಹರಕೆನಾ?" ಅದೂ ಅಲ್ಲ ಅಂದಮೇಲೆ ಅವರ ಮುಖದಲ್ಲಿ ಒಂದು ಬಗೆಯ ಅಸಹನೆ ಕಾಣಿಸಿಕೊಳ್ಳುತ್ತಿತ್ತು. ಕಾಯಿಲೆಯಿಲ್ಲ, ದೇವರಿಗೆ ಹೇಳಿಕೊಂಡಿಲ್ಲ, ಆದರೂ ಐವತ್ತರ ಹತ್ತಿರದ ಹೆಂಗಸೊಬ್ಬಳು ಕಾಫಿಗೆ ಹಾಲು ಬೇಡ, ದೋಸೆಗೆ ತುಪ್ಪ ಬೇಡ, ಅನ್ನಕ್ಕೆ ಮೊಸರು ಬೇಡ ಅನ್ನುತ್ತಾಳೆಂದರೆ ಅದು ಸೊಕ್ಕಲ್ಲದೆ ಇನ್ನೇನು ಎಂಬಂತೆ ನೋಡುತ್ತಿದ್ದರು. ನಮ್ಮಮ್ಮನೇ ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಹರಕೆ ಅಂದ್ಬಿಡೇ. ಆಮೇಲೆ ಯಾರೂ ಉಸಿರೆತ್ತಲ್ಲ." ನಾನು ಹಾಗೆ ಅನ್ನಲಿಲ್ಲ. ನನಗೆ ಬೇಡವಾದದ್ದನ್ನು ಬೇಡ ಅನ್ನುವುದಕ್ಕೆ ದೇವರನ್ನು ಯಾಕೆ ನಡುವೆ ತರಬೇಕು?

ಕಾರಣ ಇಲ್ಲವೆಂದಲ್ಲ. ನಮ್ಮ ಮನೆ ಇರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ. ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಗಂಡ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಬಹಳ ವರ್ಷ ಲೇತ್ ಮೇಲೆ ದುಡಿದು ಈಗ ಅಲ್ಲೇ ಸೂಪರ್‌ವೈಸರ್. ಒಬ್ಬಳು ಮಗಳು, ಡಿಗ್ರಿ ಓದುತ್ತಿದ್ದಾಳೆ. ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆದು, ಬರುವಾಗ ಹಸು ಸಾಕಿದ್ದ ಒಂದು ಮನೆಯಿಂದ ಹಾಲು ತರುವುದು ನನ್ನ ಅಭ್ಯಾಸವಾಗಿತ್ತು. ಪ್ಯಾಕೆಟ್ ಹಾಲಿನಲ್ಲಿ ಕಾಫಿ ಚೆನ್ನಾಗಿ ಬರುವುದಿಲ್ಲ ಎಂದು ಗಂಡನಿಗೆ ಒಂದು ನಂಬಿಕೆ.

ಆ ಮನೆಯ ಕೆಂಪು ಹಸು ಒಂದು ಗಂಡುಕರು ಹಾಕಿತು. ಸ್ವಲ್ಪ ದಿನ ಕಳೆದು ನಾನು ಪಾತ್ರೆ ಹಿಡಿದು ನಿಂತಿದ್ದಾಗಲೇ ಆ ಕರುವನ್ನು ಗೂಡ್ಸ್ ಆಟೋಗೆ ಹತ್ತಿಸಿದರು. ಹಸು ಹಗ್ಗ ಜಗ್ಗಿ ಜಗ್ಗಿ ಕೂಗಿತು. ಆಟೋ ತಿರುವು ದಾಟಿ ಹೋದ ಮೇಲೂ ಅದೇ ದಿಕ್ಕಿಗೆ ಮುಖ ಮಾಡಿಕೊಂಡು ಕೂಗುತ್ತಲೇ ಇತ್ತು. ಮನೆಯಾಕೆ ಅದರ ಬೆನ್ನು ಸವರಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಾಲು ಕರೆದು ನನ್ನ ಪಾತ್ರೆಗೆ ಸುರಿದಳು. "ಗಂಡು ಇಟ್ಕೊಂಡು ಏನ್ ಮಾಡೋದಮ್ಮ, ಮೇವು ಎಲ್ಲಿಂದ ತರೋದು" ಎಂದಳು. ಅವಳು ಕೆಟ್ಟವಳಲ್ಲ. ಆ ಹಸುವಿಗೆ ಸ್ವಲ್ಪ ಮೈ ಬಿಸಿಯಾದರೂ ತನ್ನ ಊಟ ಬಿಟ್ಟು ಅದರ ಹತ್ತಿರ ಕೂರುವವಳು. ಮನೆಗೆ ಬಂದು ಎಂದಿನಂತೆ ಹಾಲು ಕಾಯಿಸಿದೆ, ಕಾಫಿ ಬೆರೆಸಿದೆ. ಲೋಟ ತುಟಿಯವರೆಗೆ ಬಂತು, ಒಳಗೆ ಹೋಗಲಿಲ್ಲ. ಚೆಲ್ಲಿ, ಡಿಕಾಕ್ಷನ್ನಿಗೆ ಬಿಸಿನೀರು ಸೇರಿಸಿ ಕುಡಿದೆ. ಕಹಿ ಅಂದರೆ ಕಹಿ. ಮರುದಿನವೂ ಅದನ್ನೇ ಕುಡಿದೆ. ಆಮೇಲೆ ಮೊಸರು ಹೋಯಿತು, ಆಮೇಲೆ ತುಪ್ಪ.

"ಅಮ್ಮಾ, ನೀನೀಗ ವೀಗನ್ ಆದೆ ಕಣಮ್ಮ" ಎಂದು ಮಗಳು ನಕ್ಕಳು. ಆ ಪದ ನನ್ನ ಬಾಯಿಗೆ ಕೂರಲಿಲ್ಲ. ಅದನ್ನು ಹೇಳಿದರೆ ನಮ್ಮ ಬೀದಿಯಲ್ಲಿ ಯಾರಿಗೂ ಅರ್ಥವೂ ಆಗುತ್ತಿರಲಿಲ್ಲ.

ಮನೆಯೊಳಗೆ ಕಷ್ಟವೇನೂ ಆಗಲಿಲ್ಲ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇವೆಲ್ಲ ಮೊದಲಿನಿಂದಲೂ ಹಾಲಿನ ಹಂಗಿಲ್ಲದ ತಿಂಡಿಗಳೇ. ನಾನು ಅವಕ್ಕೆ ಅಭ್ಯಾಸಬಲದಿಂದ ಮೇಲೊಂದು ಚಮಚ ತುಪ್ಪ ಹಾಕುತ್ತಿದ್ದೆ ಅಷ್ಟೆ. ಗಂಡ, ಮಗಳು ತಮ್ಮ ಪಾಡಿಗೆ ತಮ್ಮ ಹಾಲು ಮೊಸರು ತಿಂದುಕೊಂಡಿದ್ದರು. ನಾನು ಬೇಡ ಅನ್ನಲಿಲ್ಲ. ತೊಂದರೆ ಶುರುವಾಗುತ್ತಿದ್ದದ್ದು ಹೊಸ್ತಿಲು ದಾಟಿದ ಮೇಲೆ. ಮದುವೆ ಮನೆ, ಗೃಹಪ್ರವೇಶ, ಹೋಟೆಲು. ಎಲ್ಲೆಲ್ಲೂ ನಾನು ಬಾಯಿ ತೆರೆದು ಕೇಳಬೇಕಿತ್ತು, ಕೇಳಿದ ಕೂಡಲೇ ಅಕ್ಕಪಕ್ಕದವರು ಕತ್ತು ತಿರುಗಿಸುತ್ತಿದ್ದರು. ನಮ್ಮ ಮನೆಯ ಹತ್ತಿರದ ದರ್ಶಿನಿಯಲ್ಲಿ ದೋಸೆ ಹಾಕುವವನು ಬಾಗಲಕೋಟೆ ಕಡೆಯವನು. ಮೊದಮೊದಲು ಅವನೂ ಮರೆತು ತುಪ್ಪ ಸುರಿಯುತ್ತಿದ್ದ, ನಾನು ವಾಪಸ್ ಕೊಡುತ್ತಿದ್ದೆ. ಬರಬರುತ್ತಾ ನನ್ನನ್ನು ದೂರದಿಂದ ಕಂಡರೇ ಸಾಕು, "ಅಕ್ಕಾರ ಬಂದ್ರು, ಎಣ್ಣಿ ದ್ವಾಸಿ ಒಂದ್" ಎಂದು ತನಗೆ ತಾನೇ ಕೂಗಿಕೊಳ್ಳುವ ಮಟ್ಟಕ್ಕೆ ಬಂದ.

ನನ್ನ ಭಾವನಿಗೆ ಮಾತ್ರ ಆ ರೂಢಿ ಬರಲೇ ಇಲ್ಲ. ಭಾವ ಅಂದರೆ ನನ್ನ ಗಂಡನ ಅಣ್ಣ. ವಿಜಯನಗರದಲ್ಲಿ ಸ್ವಂತ ಮನೆ, ಆಫೀಸಿನಿಂದ ನಿವೃತ್ತರಾಗಿದ್ದಾರೆ. ಮನೆಯಲ್ಲಿ ಯಾರಿಗೆ ಏನೇ ಆದರೂ ಮುಂದೆ ನಿಲ್ಲುವವರು. ನನ್ನ ಹೆರಿಗೆಯ ಹೊತ್ತಿಗೆ ಗಂಡ ಊರಲ್ಲಿರಲಿಲ್ಲ, ಆಸ್ಪತ್ರೆಗೆ ಆಟೋ ತಂದವರು ಅವರೇ. ಅದನ್ನು ನಾನು ಮರೆತಿಲ್ಲ, ಅವರೂ ಮರೆಯಲು ಬಿಟ್ಟಿಲ್ಲ. ನಾನು ಹಾಲು ಬಿಟ್ಟದ್ದು ಅವರಿಗೆ ತಮಾಷೆಯ ವಸ್ತುವಾಯಿತು. ಊಟಕ್ಕೆ ಕೂತರೆ, "ಇವಳಿಗೆ ಒಂದು ಕಟ್ಟು ಹುಲ್ಲು ತರ್ಸ್ರಪ್ಪ" ಅನ್ನುವರು. ಎಲ್ಲರೂ ನಗುವರು. ಮೊದಲು ನಾನೂ ನಗುತ್ತಿದ್ದೆ. ಆಮೇಲೆ ನಗುವುದನ್ನು ನಿಲ್ಲಿಸಿದೆ. ನಾನು ನಗದೇ ಹೋದದ್ದು ಅವರನ್ನು ಕೆಣಕಿತು ಅಂತ ಕಾಣುತ್ತದೆ.

ವರ್ಷಕ್ಕೊಮ್ಮೆ ಭಾವ ಒಂದು ಟೆಂಪೋ ಟ್ರಾವೆಲರ್ ಮಾತಾಡಿ ಮನೆಮಂದಿಯನ್ನೆಲ್ಲ ಪ್ರವಾಸಕ್ಕೆ ಹೊರಡಿಸುತ್ತಾರೆ. ಆ ವರ್ಷ ಮೈಸೂರು, ನಂಜನಗೂಡು, ಬಿಳಿಗಿರಿರಂಗನ ಬೆಟ್ಟ ಎಂದು ಗೊತ್ತಾಯಿತು. ನಂಜನಗೂಡಿನ ಹೊಳೆ ನೋಡಬೇಕೆಂದು ನನಗೆ ಬಹಳ ದಿನದ ಆಸೆ. ಪರೀಕ್ಷೆ ಇದೆಯೆಂದು ಮಗಳು ಬರಲಿಲ್ಲ. ನಾಗರಭಾವಿಯ ಸರ್ಕಲ್‌ನಲ್ಲಿ ನಾನೂ ನನ್ನ ಗಂಡನೂ ಗಾಡಿ ಹತ್ತಿದೆವು. ಭಾವ ಡ್ರೈವರ್ ಪಕ್ಕದ ಸೀಟಿನಲ್ಲಿದ್ದರು. ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಹಿಂದೆ ನನಗೆ ಜಾಗ ಹಿಡಿದಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಕೆಂಗೇರಿ ದಾಟುವಷ್ಟರಲ್ಲಿ ಅಂತ್ಯಾಕ್ಷರಿ ಶುರುವಾಗಿ, ಎಲ್ಲರಿಗೂ ಹಸಿವಾಗಿತ್ತು. ಸ್ವಲ್ಪ ದೂರದಲ್ಲಿ ತಟ್ಟೆ ಇಡ್ಲಿಯ ಹೋಟೆಲೊಂದರ ಮುಂದೆ ಭಾವ ಗಾಡಿ ನಿಲ್ಲಿಸಿದರು.

ಸೆಲ್ಫ್ ಸರ್ವೀಸ್ ಹೋಟೆಲು. ಜನ ಕಿಕ್ಕಿರಿದಿದ್ದರು. ನಾನು ಕೌಂಟರಿನ ಕಡೆ ಹೊರಟರೆ ಭಾವ ತಡೆದರು.

"ನೀವು ಹೆಂಗಸ್ರು ಕೂತ್ಕೊಳ್ರಮ್ಮ, ನಾನು ತರ್ತೀನಿ. ನಿಂಗೇನು ಬೇಕು?"

"ತಟ್ಟೆ ಇಡ್ಲಿ ಸಾಕು ಭಾವ. ಮೇಲೆ ಬೆಣ್ಣೆ ಬೇಡ."

"ಗೊತ್ತಮ್ಮ, ಗೊತ್ತು. ಎಷ್ಟ್ ಸಲ ಹೇಳ್ತೀಯಾ."

ಅವರು ಅಷ್ಟು ಒಳ್ಳೆಯ ಮಾತಿನಲ್ಲಿ ಹೇಳಿದ್ದು ಕೇಳಿ ನನಗೆ ಖುಷಿಯೇ ಆಯಿತು. ತಟ್ಟೆ ತಂದು ಮುಂದಿಟ್ಟರು. ಎಲ್ಲರ ಇಡ್ಲಿಯ ಮೇಲೂ ಬೆಣ್ಣೆಯ ಉಂಡೆ ಕರಗುತ್ತಿತ್ತು, ನನ್ನದರ ಮೇಲೆ ಇರಲಿಲ್ಲ. ಪಕ್ಕದಲ್ಲಿ ಚಟ್ನಿ, ಒಂದು ಬಟ್ಟಲಲ್ಲಿ ಬಿಸಿಬಿಸಿ ಸಾಗು. ಸಾಗು ಮಿರಮಿರ ಮಿನುಗುತ್ತಿತ್ತು. ಹೋಟೆಲಿನವರು ಎಣ್ಣೆ ಜಾಸ್ತಿ ಹಾಕಿದ್ದಾರೆ ಅಂದುಕೊಂಡೆ. ಚಕ್ಕೆ ಲವಂಗದ ಘಮ ಬೇರೆ. ಹಸಿದಿದ್ದೆ, ತಿಂದೆ. ಬಟ್ಟಲನ್ನು ಬೆರಳಲ್ಲಿ ಬಳಿದೂ ತಿಂದೆ.

ನಾನು ಕೈ ತೊಳೆದು ಬರುವವರೆಗೆ ಭಾವ ಕಾದಿದ್ದರು.

"ಹೆಂಗಿತ್ತಮ್ಮ ಸಾಗು?"

"ಚೆನ್ನಾಗಿತ್ತು ಭಾವ."

"ಚೆನ್ನಾಗಿಲ್ದೆ ಏನು! ಚಮಚ ತುಂಬಾ ತುಪ್ಪ ಹಾಕ್ಸಿದ್ದೆ ಅದಕ್ಕೆ!"

ಎಂದು ಮೇಜು ತಟ್ಟಿ ನಕ್ಕರು. ಕೂತಿದ್ದವರೆಲ್ಲ ನಕ್ಕರು. ಯಾರೋ "ಅಯ್ಯೋ ಪಾಪ" ಅನ್ನುತ್ತಲೇ ನಕ್ಕರು. "ನೋಡಿ ಈಗ, ಏನಾದ್ರೂ ಆಯ್ತಾ? ಪ್ರಾಣ ಹೋಯ್ತಾ? ಬಟ್ಟಲು ಬಳ್ಕೊಂಡು ತಿಂದ್ಳು! ಎಲ್ಲ ಮನಸ್ಸಲ್ಲಿರೋದು ಕಣಮ್ಮ, ಹೊಟ್ಟೇಲಿ ಅಲ್ಲ" ಎಂದರು ಭಾವ.

ನನ್ನ ಬಾಯಲ್ಲಿ ಆ ಸಾಗುವಿನ ರುಚಿ ಇನ್ನೂ ಇತ್ತು. ಅದು ನಿಜವಾಗಿಯೂ ರುಚಿಯಾಗಿತ್ತು, ನನಗೆ ಇನ್ನಷ್ಟು ಉರಿದದ್ದು ಅದಕ್ಕೇ. ಹೊಟ್ಟೆ ತೊಳಸಿದ್ದರೆ, ವಾಂತಿಯಾಗಿದ್ದರೆ, ಅವರು ಹೆದರಿ ಕ್ಷಮೆ ಕೇಳುತ್ತಿದ್ದರೇನೋ. ಏನೂ ಆಗಲಿಲ್ಲ. ನನ್ನ ದೇಹ ಅವರ ಪಕ್ಷ ಸೇರಿದಂತಾಯಿತು.

"ಭಾವ" ಎಂದೆ. "ನಿಮ್ಮ ಸಾಂಬಾರಿಗೆ ಯಾರಾದ್ರೂ ಗೊತ್ತಾಗದ ಹಾಗೆ ಮೊಟ್ಟೆ ಒಡೆದು ಹಾಕಿ, ನೀವು ತಿಂದಾದ್ಮೇಲೆ ಹೀಗೆ ಮೇಜು ತಟ್ಟಿ ನಕ್ಕಿದ್ರೆ ಏನ್ ಮಾಡ್ತಿದ್ರಿ?"

ನಗು ನಿಂತುಹೋಯಿತು. ನಮ್ಮದು ಮೊಟ್ಟೆಯ ಹೆಸರೂ ಎತ್ತದ ಮನೆ.

"ಥೂ! ಬೆಳಬೆಳಗ್ಗೆ ಏನ್ ಮಾತಾಡ್ತೀಯಮ್ಮ? ಅದೂ ಇದೂ ಒಂದೇನಾ? ತುಪ್ಪ ಅಂದ್ರೆ ದೇವರಿಗೆ ಇಡೋದು."

"ದೇವರಿಗೆ ಇಡಿ. ನಂಗೆ ಯಾಕೆ ಕದ್ದು ತಿನ್ನಿಸಿದ್ರಿ?"

"ಬಿಡೇ" ಎಂದರು ನನ್ನ ಗಂಡ ಮೆಲ್ಲಗೆ. "ಅಣ್ಣ ತಮಾಷೆಗೆ ಮಾಡಿದ್ದು. ಎಲ್ರೂ ನೋಡ್ತಿದಾರೆ, ಕೂತ್ಕೊ."

ನಾನು ನಿಂತಿದ್ದೇನೆ ಎಂದು ಆಗಲೇ ನನಗೆ ಗೊತ್ತಾದದ್ದು. ನಿಂತಾಗಿದೆ, ಇನ್ನು ಕೂರುವುದು ಯಾಕೆ ಅನ್ನಿಸಿತು. ಗಾಡಿಯ ಹತ್ತಿರ ಹೋಗಿ ಡ್ರೈವರ್‌ಗೆ ಹೇಳಿ ನನ್ನ ಬ್ಯಾಗು ಇಳಿಸಿಕೊಂಡೆ. ಗಂಡ ಹಿಂದೆಯೇ ಬಂದರು.

"ಎಲ್ಲಿಗೆ?"

"ಗೊತ್ತಿಲ್ಲ."

"ಹುಚ್ಚು ಹಿಡಿದಿದ್ಯಾ ನಿಂಗೆ? ಒಂದು ಚಮಚ ತುಪ್ಪಕ್ಕೆ ಇಷ್ಟಾ?"

"ನೀವೂ ಬರ್ತೀರಾ ನನ್ ಜೊತೆ?"

ಅವರು ತಿರುಗಿ ಹೋಟೆಲಿನ ಒಳಗೆ ನೋಡಿದರು. ಭಾವ ಅಲ್ಲಿಂದಲೇ ಕೈಯಾಡಿಸಿ, ಬಿಡು, ತಾನೇ ಬರುತ್ತಾಳೆ ಎಂಬಂತೆ ಸನ್ನೆ ಮಾಡುತ್ತಿದ್ದರು. "ಅರ್ಧದಲ್ಲಿ ಬಿಟ್ಟು ಹೆಂಗ್ ಬರೋಕಾಗುತ್ತೆ" ಎಂದರು ಗಂಡ. ಸರಿ ಎಂದು ನಾನು ಬಸ್ ಸ್ಟಾಪಿನ ಕಡೆ ನಡೆದೆ.

ಮನೆಗೆ ವಾಪಸ್ ಹೋಗಬೇಕೆಂದೇ ಹೊರಟವಳು. ಬೆಂಗಳೂರಿನ ಬಸ್ಸು ಹಿಡಿಯಬೇಕಾದರೆ ರಸ್ತೆ ದಾಟಬೇಕಿತ್ತು. ದಾಟುವುದಕ್ಕೆ ಸಂದು ಸಿಗದೆ ನಿಂತಿದ್ದಾಗ ಈ ಕಡೆಯಲ್ಲೇ ಒಂದು ಕೆಂಪು ಬಸ್ಸು ಬಂದು ನಿಂತಿತು. ನಾನು ಹತ್ತಿಬಿಟ್ಟೆ. ಕಂಡಕ್ಟರ್ ಬಂದು, "ಎಲ್ಲಿಗಮ್ಮ?" ಎಂದ.

"ಎಲ್ಲೀವರೆಗೆ ಹೋಗುತ್ತೆ?"

"ಬೋರ್ಡ್ ನೋಡ್ಲಿಲ್ವಾ? ಮೈಸೂರು."

"ಹಂಗಾದ್ರೆ ಮೈಸೂರು."

ಆಧಾರ್ ಕಾರ್ಡ್ ತೋರಿಸಿದೆ, ಹೆಂಗಸರಿಗೆ ಕೊಡುವ ಫ್ರೀ ಟಿಕೆಟ್ ಹರಿದು ಕೊಟ್ಟ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೂರು ದಿನಕ್ಕೆಂದು ಮಡಿಸಿಟ್ಟ ಸೀರೆಗಳ ಬ್ಯಾಗು ತೊಡೆಯ ಮೇಲಿತ್ತು. ರಾಮನಗರ ಬರುವವರೆಗೂ ಸಿಟ್ಟಿನಲ್ಲಿ ಏನೂ ಕಾಣಿಸಲಿಲ್ಲ. ಚನ್ನಪಟ್ಟಣದ ಹತ್ತಿರ ನಮ್ಮ ಟೆಂಪೋ ಟ್ರಾವೆಲರ್ ಬಸ್ಸನ್ನು ದಾಟಿಕೊಂಡು ಹೋಯಿತು. ಹಿಂದಿನ ಕಿಟಕಿಯಲ್ಲಿ ಅಕ್ಕ ಒಬ್ಬರೇ ಕೂತಿದ್ದದ್ದು ಕಂಡಿತು. ಮದುವೆಯಾದ ಮೇಲೆ ನಾನು ಒಬ್ಬಳೇ ಯಾವ ಊರಿಗೂ ಹೋದವಳಲ್ಲ. ಹೆದರಿಕೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಆಗಲಿಲ್ಲ.

ಮೈಸೂರಿನಲ್ಲಿ ಇಳಿದಾಗ ಮಧ್ಯಾಹ್ನ. ಬಸ್ ಸ್ಟ್ಯಾಂಡ್ ಆಚೆ ಒಂದು ಹೋಟೆಲಿಗೆ ಊಟಕ್ಕೆ ಹೋದೆ. ಚಪಾತಿಗೆ ತುಪ್ಪ ಸವರಬೇಡಿ, ಮೊಸರು ಮಜ್ಜಿಗೆ ತರಬೇಡಿ ಎಂದು ಹೇಳಿದೆ. ಬಂದ ಚಪಾತಿ ಹೊಳೆಯುತ್ತಿತ್ತು. ಬೆಳಗಿನ ಸಾಗುವಿನ ಮಿನುಗು ನೆನಪಾಯಿತು. ಮೂಸಿದೆ; ತುಪ್ಪ. ವಾಪಸ್ ಕಳಿಸಿದೆ. ಗಲ್ಲಾದ ಮೇಲಿದ್ದವನು ಎದ್ದೇ ಬಂದ.

"ಏನ್ ಪ್ರಾಬ್ಲಮ್ ಮೇಡಂ? ಪ್ಯೂರ್ ವೆಜ್ ಹೋಟ್ಲು ಇದು."

"ಗೊತ್ತು. ತುಪ್ಪ ಬೇಡ ಅಂದಿದ್ದೆ."

"ಹಂಗೆಲ್ಲ ಒಬ್ಬೊಬ್ರಿಗೆ ಬೇರೆ ಬೇರೆ ಮಾಡೋಕಾಗಲ್ಲ."

"ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದೋರಿಗೆ ಮಾಡಿಕೊಡಲ್ವಾ ನೀವು?"

"ಅದು ಬೇರೆ ಮೇಡಂ. ಅದು ಅವರ ಸಂಪ್ರದಾಯ."

"ಇದೂ ಸಂಪ್ರದಾಯಾನೇ. ನನ್ನಿಂದ ಶುರು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪಕ್ಕದ ಮೇಜಿನವರು ಅನ್ನ ಕಲೆಸುವುದನ್ನು ನಿಲ್ಲಿಸಿ ನೋಡಿದರು. ನಾನೂ ಅವರನ್ನು ನೋಡಿದೆ. ಕೊನೆಗೆ ಒಣ ಚಪಾತಿ ಬಂತು, ಅದು ತಣ್ಣಗಿತ್ತು. ಅನ್ನ, ಸಾರು, ಹುರುಳಿಕಾಯಿ ಪಲ್ಯ ತಿಂದು ಎದ್ದೆ. ಊಟ ಚೆನ್ನಾಗಿರಲಿಲ್ಲ. ಆದರೆ ಅದರಲ್ಲಿ ಏನೇನಿದೆ ಅನ್ನುವುದು ನನಗೆ ಗೊತ್ತಿತ್ತು, ಅವತ್ತಿನ ಮಟ್ಟಿಗೆ ಅಷ್ಟು ಸಾಕಿತ್ತು.

ಲಾಡ್ಜಿನಲ್ಲಿ ಇನ್ನೊಂದು ಪ್ರಶ್ನೆ. "ಒಬ್ರೇನಾ ಮೇಡಂ? ಜೊತೇಲಿ ಯಾರೂ ಇಲ್ವಾ?" ಇಲ್ಲ ಎಂದೆ. "ಯಜಮಾನ್ರು ಆಮೇಲೆ ಬರ್ತಾರಾ?" ಬರಲ್ಲ ಎಂದೆ. ಕೌಂಟರಿನವನು ನನ್ನ ಆಧಾರ್ ಕಾರ್ಡ್ ನೋಡಿ ಕೀಲಿ ಕೊಟ್ಟ. ಸಂಜೆ ಮಗಳ ಫೋನು ಬಂತು.

"ಅಮ್ಮಾ, ಎಲ್ಲಿದೀಯಾ? ಅಪ್ಪ ಫೋನ್ ಮಾಡಿ ನೀನು ಮನೇಗ್ ಬಂದ್ಯಾ ಅಂತ ಕೇಳಿದ್ರು. ಏನಾಯ್ತು?"

ನಡೆದದ್ದನ್ನು ಹೇಳಿದೆ. "ದೊಡ್ಡಪ್ಪ ಹಂಗ್ ಮಾಡಿದ್ರಾ?" ಎಂದಳು. ಆಮೇಲೆ, "ಈಗ ವಾಪಸ್ ಬರ್ತೀಯಾ?" ಎಂದಳು.

"ಇಲ್ಲ ಕಣೇ. ಮೂರು ದಿನ ಅಂತ ಹೊರಟಿದೀನಿ, ಮೂರು ದಿನ ಮುಗಿಸ್ಕೊಂಡೇ ಬರ್ತೀನಿ. ಅಪ್ಪಂಗೆ ಹೇಳು, ಚೆನ್ನಾಗಿದೀನಿ ಅಂತ."

"ನೀನೇ ಹೇಳಬಹುದಲ್ಲಮ್ಮ."

"ಅವರೇ ನಂಗೆ ಫೋನ್ ಮಾಡಬಹುದಲ್ಲ."

ಮರುದಿನ ಬೆಳಿಗ್ಗೆ ತಿಂಡಿಗೆ ಹೊರಟಾಗ ಜಗಳಕ್ಕೆ ಸಿದ್ಧವಾಗಿಯೇ ಹೊರಟಿದ್ದೆ. ಲಾಡ್ಜಿನ ಓಣಿಯಲ್ಲೇ ಒಂದು ಚಿಕ್ಕ ಹೋಟೆಲಿತ್ತು. ಮೇಜು ಒರೆಸುತ್ತಾ ಬಂದ ಸಪ್ಲೈಯರ್ ನನಗಿಂತ ಹಿರಿಯ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡಿದ್ದ.

"ಒಂದು ಸೆಟ್ ದೋಸೆ. ಎಣ್ಣೇಲಿ ಹಾಕಿ. ತುಪ್ಪ, ಬೆಣ್ಣೆ ಬೇಡ. ಚಟ್ನಿಗೆ ಮೊಸರು ಸೇರಿಸಿದ್ರೆ ಚಟ್ನೀನೂ ಬೇಡ."

"ಸೇರ್ಸಲ್ಲ, ಬರೀ ಕಾಯಿ. ಜೈನರಾ?"

"ಅಲ್ಲ."

"ಡಯಟ್ಟಾ?"

"ಅಲ್ಲ. ನಂಗೆ ಬೇಡ."

"ಸರಿ" ಎಂದು ಅವನು ಅಡುಗೆಮನೆಯ ಕಡೆ ತಿರುಗಿ, "ಒಂದ್ ಸೆಟ್, ಎಣ್ಣೆ, ತುಪ್ಪ ಬೇಡ್ವಂತೆ" ಎಂದು ಕೂಗಿದ. ಅಷ್ಟೆ. ದೋಸೆ ಬಂತು. ಮೂಸಿ ನೋಡಿದೆ, ಎಣ್ಣೆಯೇ. ಮೆತ್ತಗೆ, ತೂತು ತೂತಾಗಿ, ಬಿಸಿಯಾಗಿತ್ತು. ಅವನು ಆಗಲೇ ಇನ್ನೊಂದು ಮೇಜಿನ ಹತ್ತಿರ ಯಾರಿಗೋ ನೀರು ತಂದಿಡುತ್ತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಅದು ಒಂದು ಆರ್ಡರು. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಯಾರ ಬಾಯಿಂದಲೂ ಬಾರದ "ಸರಿ" ಅನ್ನುವ ಮಾತು ಇಷ್ಟು ಹಗುರವಾಗಿ ಬರಬಲ್ಲದು ಅಂತ ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು. ಚಟ್ನಿಯ ಖಾರಕ್ಕೆ ಅಂದುಕೊಳ್ಳಲಿ ಎಂದು ಇನ್ನೊಂದು ಸಲ ಚಟ್ನಿ ಹಾಕಿಸಿಕೊಂಡೆ.

ಅಲ್ಲಿಂದ ನೇರವಾಗಿ ನಂಜನಗೂಡಿನ ಬಸ್ಸು ಹತ್ತಿದೆ. ಅವತ್ತು ನಮ್ಮವರೂ ಅಲ್ಲಿಗೇ ಬರುತ್ತಾರೆಂದು ನನಗೆ ಗೊತ್ತಿತ್ತು. ಬೇರೆ ಊರಿಗೆ ಹೋಗಬಹುದಿತ್ತು. ಆದರೆ ಭಾವ ತುಪ್ಪ ಹಾಕಿಸಿದರೆಂದು ನಾನು ನಂಜನಗೂಡನ್ನೂ ಬಿಡಬೇಕೇ?

ಹೊಳೆಯಲ್ಲಿ ನೀರು ಚೆನ್ನಾಗಿತ್ತು. ಕಾಲು ಇಳಿಬಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. ಗುಡಿಯ ಬೀದಿಯಲ್ಲಿ ಒಬ್ಬಾಕೆ ರಸಬಾಳೆ ಮಾರುತ್ತಿದ್ದಳು; ಒಂದು ಚಿಪ್ಪು ತೆಗೆದುಕೊಂಡೆ. ಸಿಪ್ಪೆ ಸುಲಿದರೆ ಸುತ್ತಲೆಲ್ಲ ಘಮ. ಯಾರನ್ನೂ ಏನೂ ಕೇಳಬೇಕಾಗಿಲ್ಲದ ತಿಂಡಿ ಅದು. ದೇವರ ದರ್ಶನ ಮಾಡಿಕೊಂಡು ಹೊರಗೆ ಬಂದು, ಕಾಫಿ ಕುಡಿಯೋಣವೆಂದು ಎದುರಿನ ಹೋಟೆಲಿಗೆ ಹೋದರೆ, ಒಳಗೆ ಉದ್ದದ ಮೇಜಿನ ಸುತ್ತ ನಮ್ಮವರೆಲ್ಲ ಕೂತಿದ್ದರು.

ಭಾವನೇ ಮೊದಲು ನೋಡಿದ್ದು. "ಬಂದ್ಯಾಮ್ಮ ಕೊನೆಗೂ? ನಾನು ಹೇಳ್ಲಿಲ್ವೇನೋ, ತಾನೇ ಬರ್ತಾಳೆ ಅಂತ?" ಎಂದು ತಮ್ಮನ ಬೆನ್ನು ತಟ್ಟಿದರು. "ಬಾ ಬಾ, ಕೂತ್ಕೊ. ಇವತ್ತು ತುಪ್ಪ ಇಲ್ಲ, ಭಯ ಬೀಳ್ಬೇಡ."

"ನಾನು ನಿಮ್ಮ ಹತ್ರ ಬಂದಿಲ್ಲ ಭಾವ. ನಂಜನಗೂಡಿಗೆ ಬಂದೆ" ಎಂದೆ.

ಹೇಳಿ, ಗೋಡೆ ಪಕ್ಕದ ಒಂದು ಚಿಕ್ಕ ಮೇಜಿನಲ್ಲಿ ಅವರಿಗೆ ಎದುರಾಗಿಯೇ ಕೂತೆ. ಬೆನ್ನು ತಿರುಗಿಸಿ ಕೂರುವ ಮನಸ್ಸಾಗಲಿಲ್ಲ. ಬ್ಲಾಕ್ ಕಾಫಿ ತರಿಸಿಕೊಂಡೆ. ಗಂಡ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ತಮ್ಮ ಇಡ್ಲಿಯ ಕಡೆ ನೋಡಿಕೊಂಡರು. ಎದ್ದು ಬರುತ್ತಾರೇನೋ ಎಂದು ನಾನು ಕಾದದ್ದುಂಟು. ಬರಲಿಲ್ಲ.

ಎದ್ದು ಬಂದವರು ಅಕ್ಕ. ಕಾಫಿ ಲೋಟ ಹಿಡಿದುಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಭಾವ ಅಲ್ಲಿಂದಲೇ, "ಏಯ್, ಎಲ್ಲಿಗ್ ಹೋದೆ, ಇಡ್ಲಿ ಆರುತ್ತೆ" ಎಂದು ಕೂಗಿದರು. ಅಕ್ಕ ತಿರುಗಲಿಲ್ಲ.

"ಬಸ್ಸಲ್ಲಿ ಭಯ ಆಗ್ಲಿಲ್ವೇನೇ?" ಎಂದರು.

"ಇಲ್ಲಕ್ಕ."

"ರಾತ್ರಿ ಎಲ್ಲಿದ್ದೆ?"

"ಲಾಡ್ಜಲ್ಲಿ."

"ಒಬ್ಳೇ?"

"ಒಬ್ಳೇ."

ಅಕ್ಕ ತಮ್ಮ ಕಾಫಿಯನ್ನು ಒಂದು ಗುಟುಕು ಕುಡಿದು ಮುಖ ಹಿಂಡಿದರು. "ನಂಗೆ ಕಾಫಿಗೆ ಸಕ್ಕರೆ ಇಷ್ಟ ಇಲ್ಲ ಕಣೇ" ಎಂದರು ಇದ್ದಕ್ಕಿದ್ದಂತೆ. "ಮದ್ವೆ ಆದಾಗಿಂದ ಕುಡೀತಿದೀನಿ. ಅವ್ರಿಗೆ ಸಿಹಿ ಜಾಸ್ತಿ ಬೇಕು. ಒಂದೇ ಪಾತ್ರೇಲಿ ಬೆರೆಸಿ ಇಬ್ರಿಗೂ ಬಗ್ಗಿಸ್ತೀನಿ. ಬೇರೆ ಮಾಡ್ಕೋಬೇಕು ಅಂತ ತೋಚಲೇ ಇಲ್ಲ."

"ಈಗ ಮಾಡಿಸ್ಕೊಳ್ಳಿ. ಇಲ್ಲೇ."

"ಈಗ್ಲಾ?"

"ಈಗ್ಲೇ."

ಅವರು ಒಂದು ಕ್ಷಣ ಹಿಂದೆ ತಿರುಗಿ ಭಾವನ ಕಡೆ ನೋಡಿದರು. ಆಮೇಲೆ ಸಪ್ಲೈಯರನ್ನು ಕರೆದು, ಪರೀಕ್ಷೆಯಲ್ಲಿ ಉತ್ತರ ಹೇಳುವವರ ಹಾಗೆ, "ಒಂದು ಕಾಫಿ, ಸಕ್ಕರೆ ಹಾಕ್ಬೇಡಿ" ಎಂದರು. ಅವರದು ಹಾಲಿನ ಕಾಫಿಯೇ. ನಾನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಬ್ಬರೂ ಅವರವರ ಕಾಫಿ ಕುಡಿದೆವು. ಹೊರಡುವಾಗ ಅಕ್ಕ ನನ್ನ ಭುಜ ಒತ್ತಿ ಗಾಡಿಯ ಕಡೆ ಹೋದರು. ನಾನು ಬೆಟ್ಟಕ್ಕೆ ಹೋಗಲಿಲ್ಲ, ಮೈಸೂರಿಗೆ ಮರಳಿ, ಮರುದಿನ ಸಂಜೆಯವರೆಗೆ ಒಬ್ಬಳೇ ಸುತ್ತಿ, ಕೆಂಗೇರಿಯಲ್ಲಿ ಬಸ್ಸಿಳಿದು ಮನೆಗೆ ಬಂದೆ.

ಗಂಡ ನನಗಿಂತ ಮೊದಲೇ ಬಂದಿದ್ದರು. ಎರಡು ದಿನ ಮಾತಿಲ್ಲ. ಮೂರನೆಯ ದಿನ ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ಅಣ್ಣಂಗೆ ಒಂದು ಫೋನ್ ಮಾಡ್ಬಿಡು. ಬೇಜಾರ್ ಮಾಡ್ಕೊಂಡಿದಾನೆ" ಎಂದರು.

"ಬೇಜಾರ್ ಮಾಡ್ಕೊಂಡಿರೋರು ಅವರಾ?"

"ಹಿರಿಯ. ನೀನು ಎಲ್ರ ಮುಂದೆ ಮೊಟ್ಟೆ ಗಿಟ್ಟೆ ಅಂದೆ."

"ನಾನು ಬಾಯಲ್ಲಿ ಅಂದೆ ಅಷ್ಟೆ. ಅವರು ನನ್ನ ಬಾಯೊಳಗೇ ಹಾಕಿದ್ರು. ನೀವು ನೋಡ್ತಾ ಕೂತಿದ್ರಿ."

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅದನ್ನು ತೆಗೆದು, ಇನ್ನೊಂದು ತಟ್ಟಿದೆ. ಅವರು ಸೀದ ರೊಟ್ಟಿಯನ್ನೇ ತಟ್ಟೆಗೆ ಹಾಕಿಕೊಂಡು ಹೋಗಿ ತಿಂದರು. ಸಂಜೆ ವರ್ಕ್‌ಶಾಪಿನಿಂದ ಬಂದು, ಶೂ ಬಿಚ್ಚುತ್ತಾ, ನನ್ನ ಮುಖ ನೋಡದೆ, "ಎದ್ದು ಬರ್ಬೇಕಾಗಿತ್ತು ನಾನು" ಎಂದರು. ಹೌದು ಎಂದೆ. ಪರವಾಗಿಲ್ಲ ಬಿಡಿ ಅನ್ನಲಿಲ್ಲ, ಯಾಕೆಂದರೆ ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ ಅದು.

ಭಾವ ಇವತ್ತಿಗೂ ತಪ್ಪಾಯಿತು ಅಂದಿಲ್ಲ. ನಾನೂ ಫೋನ್ ಮಾಡಲಿಲ್ಲ. ಯುಗಾದಿಗೆ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದರು. ಹಬ್ಬ ನಿಲ್ಲಿಸುವಂಥ ಜಗಳ ನನ್ನದಲ್ಲ. ಒಬ್ಬಟ್ಟು ಬಡಿಸುತ್ತಾ ಭಾವನ ಎಲೆಯ ಮುಂದೆ ನಿಂತು, "ಇದಕ್ಕೆ ಕಡಲೆಕಾಯಿ ಎಣ್ಣೆ ಹಾಕಿದೀನಿ, ತುಪ್ಪ ಇಲ್ಲ. ಪಾಯಸ ತೆಂಗಿನ ಹಾಲಿಂದು. ಮೊದಲೇ ಹೇಳಿ ಬಡಿಸ್ತಿದೀನಿ. ಬೇಡ ಅಂದ್ರೆ ಬೇಡ ಅನ್ನಿ" ಎಂದೆ. ಅವರು ನನ್ನ ಮುಖ ನೋಡಿ, ಎಲೆ ನೋಡಿ, "ಹಾಕಮ್ಮ" ಎಂದರು. ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ. ಅಕ್ಕ ಊಟವಾದ ಮೇಲೆ ತಾವೇ ಅಡುಗೆಮನೆಗೆ ಬಂದು ತಮಗೆ ಬೇಕಾದ ಹಾಗೆ ಕಾಫಿ ಮಾಡಿಕೊಂಡರು.

ಟೆಂಪೋ ಟ್ರಾವೆಲರ್ ಪ್ರವಾಸ ಈಗಲೂ ವರ್ಷ ವರ್ಷ ಹೊರಡುತ್ತದೆ. ಗಂಡ ಹೋಗುತ್ತಾರೆ, ನಾನು ಹೋಗುವುದಿಲ್ಲ. ನನ್ನ ಪ್ರವಾಸಗಳು ಬೇರೆ ಇವೆ. ಶ್ರಾವಣದ ಬ್ಲೌಸುಗಳ ಗಲಾಟೆ ಮುಗಿದ ಮೇಲೆ ಅಂಗಡಿಗೆ ಬಾಗಿಲು ಹಾಕಿ, ಬ್ಯಾಗು ಹಿಡಿದು ಕೆಂಪು ಬಸ್ಸು ಹತ್ತುತ್ತೇನೆ. ಹಾಸನದಲ್ಲಿ ಬರೀ ಬಾಳೆಹಣ್ಣು ಕಡಲೆಕಾಯಿ ತಿಂದು ರಾತ್ರಿ ಕಳೆದದ್ದಿದೆ. ಚಿತ್ರದುರ್ಗದಲ್ಲಿ ಒಬ್ಬ ಹೋಟೆಲಿನವನು, "ಬೆಣ್ಣೆ ಇಲ್ದೆ ದೋಸೆ ಹಾಕಿದ್ರೆ ನಮ್ ಹೆಸರು ಕೆಡುತ್ತೆ, ಬೇರೆ ಕಡೆ ಹೋಗಿ" ಎಂದು ಕಳಿಸಿಯೇ ಬಿಟ್ಟ. ಬೇರೆ ಕಡೆ ಹೋದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಇನ್ನೂ ಕೆಲವು ಕಡೆ ಅಡುಗೆಯವರು ಹೊರಗೆ ಬಂದು ಯಾರಿದು ಎಂದು ನನ್ನ ಮುಖ ನೋಡಿಕೊಂಡು ಹೋಗುತ್ತಾರೆ. ನೋಡಲಿ.

ಕಳೆದ ತಿಂಗಳು ಮೇಲುಕೋಟೆಗೆ ಹೊರಡಲು ಬಟ್ಟೆ ಮಡಿಸುತ್ತಿದ್ದೆ. ಗಂಡ ಮಂಚದ ತುದಿಯಲ್ಲಿ ಕೂತು ಬಹಳ ಹೊತ್ತು ಪೇಪರ್ ತಿರುವಿ ಹಾಕಿ, "ಈ ಸಲ ನಾನೂ ಬರ್ಲಾ?" ಎಂದರು.

"ಬನ್ನಿ. ಹೋಟ್ಲಲ್ಲಿ ನಾನು ಏನಾದ್ರೂ ಕೇಳಿದ್ರೆ ಆಚೆ ಈಚೆ ನೋಡ್ಬಾರ್ದು."

"ನೋಡಲ್ಲ."

"ಎಲ್ರೂ ನೋಡ್ತಿದಾರೆ ಅನ್ಬಾರ್ದು."

"ಅನ್ನಲ್ಲ ಕಣೇ."

ಮಂಡ್ಯದಲ್ಲಿ ಬಸ್ಸು ಬದಲಾಯಿಸುವ ಮೊದಲು ತಿಂಡಿಗೆ ಕೂತೆವು. ನಾನು ಉಪ್ಪಿಟ್ಟಿಗೆ ಏನು ಹಾಕಿದ್ದೀರಿ ಎಂದು ಕೇಳಿದೆ. ಎಣ್ಣೆ ಎಂದ ಸಪ್ಲೈಯರ್. ಮೂಸಿ ನೋಡಿದರೆ ತುಪ್ಪ. ವಾಪಸ್ ಕಳಿಸಿ, ಇಡ್ಲಿ ಹೇಳಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಗಂಡನ ಕಿವಿ ಕೆಂಪಗಾಯಿತು. ಆದರೂ ತಲೆ ತಗ್ಗಿಸದೆ, ನನ್ನ ಇಡ್ಲಿ ಬರುವವರೆಗೂ ತಮ್ಮ ವಡೆಯನ್ನು ಮುಟ್ಟದೆ ಕೂತಿದ್ದರು.